ಗುಳಿಗೆ ಬಿಟ್ಟ ಮೂರನೇ ರಾತ್ರಿ ನಿದ್ದೆ ಯಾಕೆ ಬರಲಿಲ್ಲ?

ಪ್ರಶ್ನೆ: ನನಗೆ 61 ವರ್ಷ. ಶಿರಸಿ ಹತ್ತಿರದ ಹಳ್ಳಿ, ತೋಟದ ಮನೆ. ಐದು ವರ್ಷದ ಹಿಂದೆ ಯಜಮಾನರು ತೀರಿಹೋದರು. ಆಮೇಲೆ ರಾತ್ರಿ ನಿದ್ದೆ ಹೋಯಿತು, ಎದೆ ಢವಢವ ಅನ್ನುವುದು, ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ. ಆಗ ತೋರಿಸಿದ ಡಾಕ್ಟರು ರಾತ್ರಿಗೆ ಕ್ಲೋನಜೆಪಾಮ್ 0.5 ಕೊಟ್ಟರು. ಬೆಳಿಗ್ಗೆಗೆ ನರದ ಗುಳಿಗೆ ಎಂದು ಇನ್ನೊಂದು, ಅದರ ಮೇಲೆ ಎಸಿಟಲೋಪ್ರಾಮ್ 10, ಕ್ಲೋನಜೆಪಾಮ್ 0.5 ಎಂದು ಬರೆದಿದೆ. ಅವರು ಈಗ ಪ್ರಾಕ್ಟೀಸ್ ಬಿಟ್ಟಿದ್ದಾರೆ, ನಾನು ಹಳೆ ಚೀಟಿ ತೋರಿಸಿ ತರಿಸಿಕೊಳ್ಳುತ್ತಿದ್ದೇನೆ. ಮಗ ಬೆಂಗಳೂರಿನಲ್ಲಿದ್ದಾನೆ, 'ಇದು ಡ್ರಗ್ಸ್ ಇದ್ದ ಹಾಗೆ, ಬಿಸಾಡು' ಎಂದು ಬೈದ. ಆಷಾಢದಲ್ಲಿ ರಾತ್ರಿ ಗುಳಿಗೆ ಬಿಟ್ಟೆ. ಮೊದಲ ರಾತ್ರಿ ಹೇಗೋ ಕಳೆಯಿತು, ಎರಡನೇ ರಾತ್ರಿ ಅರ್ಧ ನಿದ್ದೆ, ಮೂರನೇ ರಾತ್ರಿ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಚಹಾದ ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಹೆದರಿ ಮತ್ತೆ ಶುರು ಮಾಡಿದೆ. ಗುಳಿಗೆ ತಗೊಂಡರೂ ಈಗ 8.30ಕ್ಕೆ ಮಲಗಿದರೆ 2 ಗಂಟೆಗೆ ಎಚ್ಚರ, ಆಮೇಲೆ ಬೆಳಗಾಗುವವರೆಗೆ ಹೊರಳಾಟ. ಕಳೆದ ತಿಂಗಳು ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದೆ, ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ನಾನು ಚಟಕ್ಕೆ ಬಿದ್ದಿದ್ದೇನಾ? ಸಾಯುವವರೆಗೆ ಇದೇ ಗತಿಯಾ? ಮರೆವು ಬರುತ್ತದೆ ಅಂತಾರೆ, ಹೌದಾ?

ಉತ್ತರ: ಮೊದಲು ಒಂದು ಮಾತು. ಇವತ್ತು ರಾತ್ರಿ ಗುಳಿಗೆ ಬಿಡಬೇಡಿ, ನಾಳೆಯೂ ಬಿಡಬೇಡಿ. ಇಷ್ಟು ವರ್ಷ ದಿನಾ ತಗೊಂಡ ಕ್ಲೋನಜೆಪಾಮನ್ನು ಒಂದೇ ಏಟಿಗೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಇದನ್ನು ನಿಮ್ಮ ಮಗನಿಗೂ ಓದಿ ಹೇಳಿ. ಅವನ ಕಾಳಜಿ ಸರಿ, ಹೇಳಿದ ದಾರಿ ಮಾತ್ರ ತಪ್ಪು.

ಈಗ ಆ ಮೂರು ರಾತ್ರಿಗಳ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ. ನೀವು ಅದರಿಂದ ತಿಳಿದುಕೊಂಡದ್ದು, 'ಗುಳಿಗೆ ಇಲ್ಲದೆ ನನಗೆ ನಿದ್ದೆ ಇಲ್ಲ, ಹಳೆ ಕಾಯಿಲೆ ಹಾಗೇ ಇದೆ' ಎಂದು. ಹತ್ತರಲ್ಲಿ ಒಂಬತ್ತು ಜನ ಹೀಗೇ ತಿಳಿದುಕೊಂಡು ಹೆದರಿ ವಾಪಸ್ ಗುಳಿಗೆಗೆ ಹೋಗುತ್ತಾರೆ. ಆದರೆ ಆ ರಾತ್ರಿ ನೀವು ಕಂಡದ್ದು ಹಳೆ ಕಾಯಿಲೆಯಲ್ಲ, ಗುಳಿಗೆ ತಟ್ಟನೆ ಕಡಿಮೆಯಾದದ್ದಕ್ಕೆ ಮೆದುಳು ಕೊಟ್ಟ ಉತ್ತರ. ಸುಳಿವು ನಿಮ್ಮ ಪತ್ರದಲ್ಲೇ ಇದೆ. ಕ್ಲೋನಜೆಪಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 30ರಿಂದ 40 ಗಂಟೆ ಬೇಕು. ಹಾಗಾಗಿ ಬಿಟ್ಟ ಮೊದಲ ರಾತ್ರಿ ಔಷಧಿ ಮೈಯಲ್ಲಿ ಇನ್ನೂ ಇತ್ತು, ನಿದ್ದೆ ಹೇಗೋ ಬಂತು. ಎರಡನೇ ರಾತ್ರಿ ಕಡಿಮೆಯಾಯಿತು, ಮೂರನೇ ರಾತ್ರಿ ಮೆದುಳಿಗೆ ಅದರ ಕೊರತೆ ಜೋರಾಗಿ ತಿಳಿಯಿತು. ನಿದ್ದೆ ಕೆಟ್ಟ ಕ್ರಮ ಔಷಧಿ ಇಳಿದ ಕ್ರಮಕ್ಕೆ ಹೆಚ್ಚುಕಡಿಮೆ ತಾಳೆಯಾಗುತ್ತದೆ. ಕೈ ನಡುಕವೂ ಅಷ್ಟೇ. ಯಜಮಾನರು ಹೋದ ಹೊಸದರಲ್ಲಿ ನಿಮಗೆ ಕೈ ನಡುಗುತ್ತಿತ್ತು ಎಂದು ನೀವು ಬರೆದೇ ಇಲ್ಲ, ಅಲ್ವಾ?

ಒಳಗೆ ನಡೆಯುವುದು ಇಷ್ಟು. ನಮ್ಮ ಮೆದುಳಲ್ಲಿ ಗಾಬಾ ಎಂಬ ರಾಸಾಯನಿಕವಿದೆ, ನರಗಳ ಓಟವನ್ನು ತಗ್ಗಿಸುವುದು ಅದರ ಕೆಲಸ. ಕ್ಲೋನಜೆಪಾಮ್, ಆಲ್ಪ್ರಜೋಲಾಮ್, ಲೊರಾಜೆಪಾಮ್, ಡಯಜೆಪಾಮ್, ಎಲ್ಲವೂ ಬೆಂಜೊಡಯಜೆಪೀನ್ ಎಂಬ ಒಂದೇ ಕುಟುಂಬದವು, ಎಲ್ಲವೂ ಈ ಗಾಬಾದ ಪರಿಣಾಮವನ್ನು ಹೆಚ್ಚಿಸುತ್ತವೆ. ತಿಂಗಳುಗಟ್ಟಲೆ ಹೀಗೆ ಮಾಡಿದರೆ ಮೆದುಳು ಸುಮ್ನೆ ಕೂರುವುದಿಲ್ಲ, ತನ್ನ ಕಡೆಯಿಂದ ಎಚ್ಚರವನ್ನು ಹೆಚ್ಚಿಸಿ ಸರಿದೂಗಿಸುತ್ತದೆ. ಆಚೆಯಿಂದ ಯಾರೋ ಬಾಗಿಲು ದೂಡುತ್ತಿದ್ದಾರೆ ಎಂದು ಈಚೆಯಿಂದ ಬಲ ಹಾಕಿ ನಿಂತವರು, ಆಚೆಯವರು ತಟ್ಟನೆ ಕೈ ಬಿಟ್ಟರೆ ಮುಗ್ಗರಿಸುತ್ತಾರಲ್ಲ, ಹಾಗೆ. ಮುಗ್ಗರಿಸಿದ್ದು ಕಾಲು ದುರ್ಬಲ ಎಂದಲ್ಲ. ನಿಧಾನವಾಗಿ ಬಿಟ್ಟರೆ ಅದೇ ಮೆದುಳು ನಿಧಾನವಾಗಿ ಹಿಂದಿನ ಸ್ಥಿತಿಗೆ ಬರುತ್ತದೆ.

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿದಂತಿಲ್ಲ. ಬೆಳಿಗ್ಗೆಯ 'ನರದ ಗುಳಿಗೆ'ಯಲ್ಲೂ ಕ್ಲೋನಜೆಪಾಮ್ 0.5 ಇದೆ. ಅಂದರೆ ನೀವು ದಿನಕ್ಕೆ ತಗೊಳ್ಳುತ್ತಿರುವುದು 0.5 ಅಲ್ಲ, 1 ಮಿಲಿಗ್ರಾಂ. ಆಷಾಢದಲ್ಲಿ ಬಿಟ್ಟದ್ದು ಪೂರ್ತಿ ಔಷಧಿಯನ್ನಲ್ಲ, ಅರ್ಧವನ್ನು. ಅರ್ಧ ಬಿಟ್ಟದ್ದಕ್ಕೇ ಹೀಗಾಯಿತು. ಬೆಳಿಗ್ಗೆಯದನ್ನೂ ಬಿಸಾಡಿದ್ದರೆ ಏನಾಗುತ್ತಿತ್ತೋ, ನನಗೆ ನೆನೆಸಿಕೊಳ್ಳಲೂ ಇಷ್ಟವಿಲ್ಲ. 0.5 ಎಂಬ ಅಂಕಿ ನೋಡಿ 'ಪುಟ್ಟ ಗುಳಿಗೆ, ಏನಾಗುತ್ತದೆ' ಅನ್ನುವವರು ತುಂಬಾ ಜನ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1982ರಿಂದ 1994ರವರೆಗೆ ಈ ಗುಳಿಗೆ ಬಿಡಿಸುವ ಕ್ಲಿನಿಕ್ ನಡೆಸಿದ ಹೀದರ್ ಆಷ್ಟನ್ ಎಂಬ ವೈದ್ಯೆ ಒಂದು ಹೋಲಿಕೆ ಪಟ್ಟಿ ಮಾಡಿದ್ದಾರೆ. ಅದರ ಪ್ರಕಾರ ಕ್ಲೋನಜೆಪಾಮ್ 0.5 ಮಿಲಿಗ್ರಾಂ ಎಂದರೆ ಡಯಜೆಪಾಮ್ 10 ಮಿಲಿಗ್ರಾಂಗೆ ಸಮ. ನೀವು ದಿನಕ್ಕೆ ತಗೊಳ್ಳುವುದು 20ಕ್ಕೆ ಸಮ ಎಂದಾಯಿತು. ಹೆದರಿಸಲು ಹೇಳುತ್ತಿಲ್ಲ. ಎಷ್ಟು ಇದೆ ಎಂದು ಗೊತ್ತಿಲ್ಲದೆ ಎಷ್ಟು ಇಳಿಸಬೇಕು ಎಂದು ಗೊತ್ತಾಗುವುದಿಲ್ಲ.

ಚಟವಾ ಎಂದು ಕೇಳಿದ್ದೀರಿ. ನೀವು ಐದು ವರ್ಷದಲ್ಲಿ ಪ್ರಮಾಣ ಏರಿಸಿಲ್ಲ, ನಾಲ್ಕು ಅಂಗಡಿ ಅಲೆದಿಲ್ಲ, ಮತ್ತಿಗಾಗಿ ತಗೊಂಡಿಲ್ಲ, ಡಾಕ್ಟರು ಬರೆದದ್ದನ್ನು ಬರೆದ ಹಾಗೆ ನುಂಗಿದ್ದೀರಿ. ನಿಮ್ಮ ದೇಹ ಅದಕ್ಕೆ ಒಗ್ಗಿಕೊಂಡಿದೆ, ಅಷ್ಟೇ. ಯಾರು ದಿನಾ ತಗೊಂಡರೂ ಒಗ್ಗಿಕೊಳ್ಳುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆ ಹೊತ್ತಿನಲ್ಲಿ ಗುಳಿಗೆ ಕೊಟ್ಟದ್ದೂ ತಪ್ಪಲ್ಲ. ಗಂಡ ಹೋದ ಹೊಸದರಲ್ಲಿ ವಾರಗಟ್ಟಲೆ ಕಣ್ಣು ಮುಚ್ಚದವರಿಗೆ, ಉಸಿರು ಕಟ್ಟಿದ ಹಾಗಾಗಿ ಆಸ್ಪತ್ರೆಗೆ ಓಡಿ ಬಂದವರಿಗೆ ನಾನೂ ಬರೆಯುತ್ತೇನೆ. ಎಸಿಟಲೋಪ್ರಾಮಿನಂಥ ಔಷಧಿ ಆತಂಕದ ಮೇಲೆ ಕೆಲಸ ಶುರು ಮಾಡಲು ಎರಡರಿಂದ ಆರು ವಾರ ಬೇಕು, ಅಲ್ಲಿಯವರೆಗೆ ದಾಟಿಸಲು ಇದು ಒಳ್ಳೆಯ ಆಸರೆ. ಎಡವಟ್ಟು ಆಗುವುದು ಆ ನಾಲ್ಕು ವಾರ ನಾಲ್ಕು ವರ್ಷವಾದಾಗ. ಯಾವತ್ತು ನಿಲ್ಲಿಸಬೇಕು ಎಂದು ಚೀಟಿಯಲ್ಲಿ ಬರೆದಿರುವುದಿಲ್ಲ, ರೋಗಿ ಕೇಳುವುದಿಲ್ಲ, ಮಳೆಗಾಲದಲ್ಲಿ ಪೇಟೆಗೆ ಹೋಗುವುದೇ ಕಷ್ಟ, ಹಳೆ ಚೀಟಿ ಕೊಟ್ಟು ಯಾರ ಕೈಯಲ್ಲೋ ತರಿಸುವುದು ನಡೆದೇ ಇರುತ್ತದೆ. ಈ ಚೀಟಿ ಮಾತ್ರ ಇನ್ನು ಮುಂದೆ ಬೇಡ. ಪಕ್ಕದ ಮನೆಯವರ ಗುಳಿಗೆಯೂ ಬೇಡ, ನಿಮ್ಮದನ್ನು ಅವರಿಗೆ ಕೊಡುವುದೂ ಬೇಡ.

ಈಗ ನಿಜವಾದ ಅಪಾಯ ಯಾವುದು ಎಂದರೆ, ನನ್ನ ಪ್ರಕಾರ ಮರೆವಿಗಿಂತ ಮೊದಲು ಬರುವುದು ಬೀಳುವುದು. ಈ ಗುಳಿಗೆ ಸ್ನಾಯುಗಳನ್ನು ಸಡಿಲ ಮಾಡುತ್ತದೆ, ಕಾಲಿಡುವ ಅಂದಾಜು ತಪ್ಪಿಸುತ್ತದೆ. ವಯಸ್ಸಾದಂತೆ ದೇಹ ಇದನ್ನು ಹೊರಹಾಕುವುದೂ ನಿಧಾನ. ವಯಸ್ಸಾದವರಲ್ಲಿ ಸೊಂಟದ ಮೂಳೆ ಮುರಿತಕ್ಕೂ ಈ ಗುಳಿಗೆಗಳಿಗೂ ಇರುವ ನಂಟು ಮತ್ತೆ ಮತ್ತೆ ಕಂಡುಬಂದಿದೆ. ಅದಕ್ಕೇ ವಯಸ್ಸಾದವರಿಗೆ ಯಾವ ಔಷಧಿ ಅಪಾಯ ಎಂದು ಹೇಳುವ ಅಮೆರಿಕದ ಬಿಯರ್ಸ್ ಪಟ್ಟಿ 65 ದಾಟಿದವರಿಗೆ ಇವನ್ನು ಆದಷ್ಟು ಕೊಡಬೇಡಿ ಎನ್ನುತ್ತದೆ. ನಮ್ಮ ಕಡೆ ತೋಟದ ಮನೆಗಳು ಹೇಗಿರುತ್ತವೆ ಎಂದು ನಿಮಗೆ ಗೊತ್ತೇ ಇದೆ: ಒಳಗಿಂದ ಬಚ್ಚಲಿಗೆ ಹೊಸ್ತಿಲು ದಾಟಿ ಎರಡು ಮೆಟ್ಟಿಲು ಇಳಿಯಬೇಕು, ಕಲ್ಲಿಗೆ ಪಾಚಿ, ಮಳೆಗಾಲದಲ್ಲಿ ಕರೆಂಟು ಇಲ್ಲ. ಆದ್ದರಿಂದ ಔಷಧಿಗಿಂತ ಮೊದಲು ಈ ವಾರವೇ ಮಾಡಬೇಕಾದದ್ದು: ಬಚ್ಚಲ ದಾರಿಗೆ ಚಾರ್ಜ್ ಆಗುವ ಒಂದು ದೀಪ, ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು, ಮೆಟ್ಟಿಲ ಪಾಚಿ ತಿಕ್ಕಿಸುವುದು. ಮಗನಿಗೆ ಹೇಳಿ, ಗುಳಿಗೆ ಬಿಸಾಡುವ ಬದಲು ಇದನ್ನು ಮಾಡಿಸಿಕೊಡಲಿ.

ಮರೆವಿನ ಮಾತು. ಗುಳಿಗೆ ಮೈಯಲ್ಲಿ ಇರುವಾಗ ಹೊಸ ವಿಷಯ ನೆನಪಿನಲ್ಲಿ ನಿಲ್ಲುವುದು ಕಡಿಮೆ, ಇದು ಖಚಿತ. ಮುಂದೆ ಅಲ್ಝೈಮರ್ಸ್ ಬರಿಸುತ್ತದಾ ಎಂದರೆ, ಕೆಲವು ಅಧ್ಯಯನ ನಂಟಿದೆ ಎಂದಿವೆ, ಕೆಲವು ಇಲ್ಲ ಎಂದಿವೆ, ಗುಳಿಗೆಯೇ ಕಾರಣ ಎಂದು ಸಾಬೀತಾಗಿಲ್ಲ. ಆ ಹೆದರಿಕೆ ಇಟ್ಟುಕೊಂಡು ರಾತ್ರಿ ಹೊರಳಾಡಬೇಡಿ. ಪ್ರಮಾಣ ಇಳಿದ ಮೇಲೆ ತಲೆ ಹಗುರಾಗಿದೆ, ಹೆಸರುಗಳು ಬೇಗ ನೆನಪಾಗುತ್ತವೆ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಸರಿ, ಇಳಿಸುವುದು ಹೇಗೆ? ಇದನ್ನು ಡಾಕ್ಟರ ಜೊತೆ ಕೂತೇ ಮಾಡಬೇಕು. ಆದರೂ ದಾರಿ ಹೇಗಿರುತ್ತದೆ ಎಂದು ಗೊತ್ತಿದ್ದರೆ ನಿಮಗೆ ಧೈರ್ಯ. ಮೊದಲ ಹೆಜ್ಜೆ ಬೆಳಿಗ್ಗೆಯ ಜೋಡಿ ಗುಳಿಗೆಯ ಎರಡು ಔಷಧಿಯನ್ನು ಬೇರೆ ಬೇರೆ ಗುಳಿಗೆಯಾಗಿ ಬರೆಸಿಕೊಳ್ಳುವುದು. ಅದು ಒಂದೇ ಗುಳಿಗೆಯಾಗಿ ಇರುವವರೆಗೆ ಕ್ಲೋನಜೆಪಾಮ್ ಇಳಿಸಲು ಹೋದರೆ ಎಸಿಟಲೋಪ್ರಾಮ್ ಕೂಡ ಇಳಿಯುತ್ತದೆ, ಅದು ಬೇಡವೇ ಬೇಡ. ಎಸಿಟಲೋಪ್ರಾಮ್ ನಿಮ್ಮ ಆತಂಕಕ್ಕೆ ಸರಿಯಾದ ಔಷಧಿ, ಗುಳಿಗೆ ಇಳಿಸುವ ತಿಂಗಳುಗಳಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುವುದು ಅದೇ. ಬರೀ ಎಸಿಟಲೋಪ್ರಾಮ್ ಬೇರೆ, ಕ್ಲೋನಜೆಪಾಮ್ ಬೇರೆ ಎಂದು ಡಾಕ್ಟರು ಬರೆದುಕೊಡಬೇಕು. ಒಟ್ಟು ಪ್ರಮಾಣ ಮೊದಲು ಹಾಗೇ ಇರಲಿ. ಎರಡು ವಾರ ಅದೇ ಹೊತ್ತಿಗೆ ಅಷ್ಟೇ ತಗೊಂಡು ದೇಹ ಸಮ ಆದ ಮೇಲೆ ಇಳಿಸಲು ಶುರು.

ಎಷ್ಟು ನಿಧಾನ ಎಂದರೆ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು. ಕ್ಲೋನಜೆಪಾಮ್ 0.25ರ ಗುಳಿಗೆ ಸಿಗುತ್ತದೆ, ಅದರ ಅರ್ಧ ಅಂದರೆ 0.125. ನಿಮ್ಮ 1 ಮಿಲಿಗ್ರಾಂನಲ್ಲಿ ಮೊದಲ ಸಲ ಇಷ್ಟು ತೆಗೆದರೆ ಶೇಕಡಾ 12ರಷ್ಟಾಯಿತು, ಹೆಚ್ಚಿನವರು ತಡೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹಗಲಿನದನ್ನು ಮೊದಲು ಇಳಿಸಿ, ರಾತ್ರಿಯದನ್ನು ಕೊನೆಗೆ ಇಡುತ್ತೇವೆ. ಕೆಳಗೆ ಬಂದಂತೆ ಅದೇ 0.125 ದೊಡ್ಡ ಪಾಲಾಗುತ್ತದೆ, ಹಾಗಾಗಿ ಕೊನೆಯ ಮೆಟ್ಟಿಲುಗಳೇ ಕಷ್ಟ. ಅಲ್ಲಿ ಇನ್ನೂ ಚಿಕ್ಕ ಪ್ರಮಾಣ ಬೇಕಾಗಬಹುದು, ಅದನ್ನು ಡಾಕ್ಟರು ಹೊಂದಿಸಬೇಕು. ಪ್ರತಿ ಸಲ ಇಳಿಸಿದಾಗ ನಾಲ್ಕಾರು ರಾತ್ರಿ ನಿದ್ದೆ ಸ್ವಲ್ಪ ಕೆಡುತ್ತದೆ, ಕಿರಿಕಿರಿ, ಬೆವರು, ಶಬ್ದ ಕೇಳಿದರೆ ಬೆಚ್ಚುವುದು. ಅದು ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ 'ಅಯ್ಯೋ ಕಾಯಿಲೆ ವಾಪಸ್ ಬಂತು' ಎಂದು ಗಾಬರಿಯಾಗುವುದಿಲ್ಲ. ತಡೆಯಲು ಆಗದಿದ್ದರೆ ಅದೇ ಪ್ರಮಾಣದಲ್ಲಿ ಇನ್ನೂ ಒಂದು ತಿಂಗಳು ನಿಲ್ಲಿ. ಆರು ತಿಂಗಳಾಗಲಿ, ಒಂದೂವರೆ ವರ್ಷವಾಗಲಿ, ಅವಸರ ಏನು? ಕೊಯ್ಲಿನ ತಿಂಗಳು, ಮನೆಯಲ್ಲಿ ಮದುವೆ, ಯಜಮಾನರ ವರ್ಷಾಂತಿಕ, ಇಂಥ ಹೊತ್ತಿನಲ್ಲಿ ಇಳಿಸುವುದೇ ಬೇಡ. ಒಂದು ದಿನ ಬಿಟ್ಟು ಒಂದು ದಿನ ತಗೊಳ್ಳುವ ಪದ್ಧತಿಯನ್ನು ಕೆಲವರು ತಾವೇ ಮಾಡಿಕೊಳ್ಳುತ್ತಾರೆ, ಅದು ಬೇಡ. ದೇಹಕ್ಕೆ ದಿನಾ ಏರುಪೇರು. ಕ್ಲೋನಜೆಪಾಮ್ ಬದಲು ಜೋಲ್ಪಿಡೆಮ್ ಎಂಬ ನಿದ್ದೆ ಗುಳಿಗೆ ಕೊಡಿ ಎಂದು ಕೇಳುವುದೂ ಬೇಡ, ಅದೂ ಮೆದುಳಲ್ಲಿ ಅದೇ ಜಾಗಕ್ಕೆ ಹೋಗಿ ಕೂರುತ್ತದೆ. ಹೆಂಗಸರ ರಕ್ತದಲ್ಲಿ ಬೆಳಿಗ್ಗೆವರೆಗೂ ಜಾಸ್ತಿ ಉಳಿಯುತ್ತದೆ ಎಂದು 2013ರಲ್ಲಿ ಅಮೆರಿಕದ ಔಷಧಿ ನಿಯಂತ್ರಕರು ಹೆಂಗಸರಿಗೆ ಅದರ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ್ದರು.

ಈ ವಯಸ್ಸಿನಲ್ಲಿ ಆಗುತ್ತದಾ ಎಂಬ ಸಂಶಯಕ್ಕೆ ಒಂದೇ ಉದಾಹರಣೆ. ಕೆನಡಾದಲ್ಲಿ ವರ್ಷಗಳಿಂದ ಈ ಗುಳಿಗೆ ತಗೊಳ್ಳುತ್ತಿದ್ದ 65ರಿಂದ 95 ವಯಸ್ಸಿನ 303 ಜನರನ್ನು ಸೇರಿಸಿ ಒಂದು ಅಧ್ಯಯನ ಮಾಡಿದರು, 2014ರಲ್ಲಿ ಅದು ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಈ ಔಷಧಿಯ ಅಪಾಯ ಏನು, ನಿಧಾನವಾಗಿ ಬಿಡುವುದು ಹೇಗೆ ಎಂದು ವಿವರಿಸಿದ ಒಂದು ಪುಸ್ತಿಕೆಯನ್ನು ಮನೆಗೆ ಕಳಿಸಿದರು, ಅಷ್ಟೇ. ಆರು ತಿಂಗಳಲ್ಲಿ ಅವರಲ್ಲಿ ಶೇಕಡಾ 27ರಷ್ಟು ಜನ ಪೂರ್ತಿ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು ಶೇಕಡಾ 5. ನೀವು ಅವರೆಲ್ಲರಿಗಿಂತ ಚಿಕ್ಕವರು.

ಆದರೆ ಗುಳಿಗೆ ಇಳಿಸುವುದಷ್ಟೇ ಸಾಲದು, ನಿದ್ದೆಯನ್ನೂ ರಿಪೇರಿ ಮಾಡಬೇಕು. 8.30ಕ್ಕೆ ಮಲಗಿ 2 ಗಂಟೆಗೆ ಎಚ್ಚರ ಎಂದು ಬರೆದಿದ್ದೀರಿ. ಲೆಕ್ಕ ಹಾಕಿ, ಐದೂವರೆ ಗಂಟೆಯಾಯಿತು. ನೀವು ಅದನ್ನು ನಿದ್ದೆಗೇಡು ಎಂದುಕೊಂಡಿದ್ದೀರಿ, ನನಗೆ ಅದು ಬೇಗ ಮಲಗಿ ಬೇಗ ಮುಗಿದ ನಿದ್ದೆಯಾಗಿ ಕಾಣುತ್ತದೆ. ಈ ವಯಸ್ಸಿನಲ್ಲಿ ಗಾಢ ನಿದ್ದೆ ಕಡಿಮೆಯಾಗುವುದು ಸಹಜ. ಹಾಸಿಗೆಯಲ್ಲಿ ಒಂಬತ್ತು ಹತ್ತು ಗಂಟೆ ಬಿದ್ದುಕೊಂಡರೆ ಉಳಿದದ್ದು ಹೊರಳಾಟವೇ. ಹಾಸಿಗೆ ಅಂದರೆ ಹೊರಳಾಡುವ ಜಾಗ ಎಂದು ಮೆದುಳು ಕಲಿತುಬಿಡುತ್ತದೆ. ಅದನ್ನು ಮರೆಸಬೇಕು.

ರಾತ್ರಿ 10.30ಕ್ಕಿಂತ ಮೊದಲು ಮಲಗಬೇಡಿ. ಬೆಳಿಗ್ಗೆ 5ಕ್ಕೆ, ನಿದ್ದೆ ಬಂದಿರಲಿ ಬಿಡಲಿ, ಎದ್ದುಬಿಡಿ. ಮಧ್ಯಾಹ್ನ ಊಟದ ಮೇಲೆ ಮಲಗುವುದು ನಿಲ್ಲಿಸಿ, ತೀರಾ ಆಗದಿದ್ದರೆ ಅರ್ಧ ಗಂಟೆ, ಅದೂ 2ರ ಒಳಗೆ. ಎಚ್ಚರವಾಗಿ ಇಪ್ಪತ್ತು ನಿಮಿಷವಾಯಿತು ಅನಿಸಿದರೆ ಹಾಸಿಗೆ ಬಿಟ್ಟು ಜಗಲಿಗೆ ಬನ್ನಿ. ಗಡಿಯಾರ ನೋಡಬೇಡಿ, ಮೊಬೈಲ್ ಮುಟ್ಟಬೇಡಿ. ಮಂದ ಬೆಳಕಿನಲ್ಲಿ ಕೂತು ದೇವರ ದೀಪಕ್ಕೆ ಹೂಬತ್ತಿ ಮಾಡಿ, ಒಂದೇ ಸಮನೆ ಹತ್ತಿ ಹೊಸೆಯುವುದು ಈ ಹೊತ್ತಿಗೆ ಹೇಳಿ ಮಾಡಿಸಿದ ಕೆಲಸ. ಎಚ್ಚರವಾಗಿದ್ದೇನಲ್ಲ ಎಂದು ಅಡಿಕೆ ಸುಲಿಯಲು ಕೂರಬೇಡಿ, ಮೈಯಲ್ಲಿ ಗುಳಿಗೆ ಇರುವಾಗ ಮೆಟ್ಟುಗತ್ತಿ ಮುಟ್ಟುವಂತಿಲ್ಲ. ಕಣ್ಣು ಎಳೆದಾಗ ವಾಪಸ್ ಹೋಗಿ ಮಲಗಿ. ಮೊದಲ ಎರಡು ವಾರ ಹಗಲು ತೂಕಡಿಕೆ ಜಾಸ್ತಿ, ಆ ದಿನಗಳಲ್ಲಿ ಗಾಡಿ ಓಡಿಸುವುದು, ಏಣಿ ಹತ್ತುವುದು ಬೇಡ. ಮೂರ‍್ನಾಲ್ಕು ವಾರದಲ್ಲಿ ನಿದ್ದೆ ಗಟ್ಟಿಯಾಗತೊಡಗುತ್ತದೆ, ಆಗ ಮಲಗುವ ಹೊತ್ತನ್ನು ಕಾಲು ಗಂಟೆ ಹಿಂದಕ್ಕೆ ತರಬಹುದು. ಇದು ಅಜ್ಜಿ ಮದ್ದಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ಗುಳಿಗೆಗಿಂತ ಮೊದಲು ಕೊಡಬೇಕಾದ ಚಿಕಿತ್ಸೆ ಇದೇ ಎಂದು ಅಮೆರಿಕದ ವೈದ್ಯರ ಸಂಘಟನೆ 2016ರಲ್ಲೇ ಹೇಳಿದೆ. ಇದನ್ನು ಶುರು ಮಾಡಿ ನಿದ್ದೆ ಒಂದು ಹದಕ್ಕೆ ಬಂದ ಮೇಲೆ ಗುಳಿಗೆ ಇಳಿಸಿದರೆ ಕಷ್ಟ ಕಡಿಮೆ. ಒಂದು ಎಚ್ಚರಿಕೆ: ಫಿಟ್ಸ್ ಅಥವಾ ಬೈಪೋಲಾರ್ ಕಾಯಿಲೆ ಇದ್ದವರು ನಿದ್ದೆಯ ಹೊತ್ತು ಹೀಗೆ ಕಡಿತ ಮಾಡಬಾರದು.

ಕವಳದ (ಎಲೆ ಅಡಿಕೆಯ) ಬಗ್ಗೆ ನೀವು ಬರೆದಿಲ್ಲ, ನಮ್ಮ ಕಡೆಯವರಾದ್ದರಿಂದ ನಾನೇ ಕೇಳುತ್ತೇನೆ. ಊಟದ ಮೇಲೆ ಒಂದು, ನಡುರಾತ್ರಿ ಎಚ್ಚರವಾದಾಗ ಇನ್ನೊಂದು, ಅದರಲ್ಲಿ ತಂಬಾಕು? ತಂಬಾಕಿನ ನಿಕೋಟಿನ್ ಎದೆ ಬಡಿತ ಏರಿಸುತ್ತದೆ, ಎಚ್ಚರ ಮಾಡುತ್ತದೆ, ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ಹಾಗೇ. ಒಂದು ಕಡೆ ಮಂಪರು ಬರಿಸುವ ಗುಳಿಗೆ, ಇನ್ನೊಂದು ಕಡೆ ಎಬ್ಬಿಸುವ ಕವಳ. ಬಾಯಿ ಕ್ಯಾನ್ಸರಿನ ಮಾತು ಬೇರೆಯೇ ಇದೆ. ಚಹಾ, ಕಾಫಿ ಮಧ್ಯಾಹ್ನ 2ರ ಮೇಲೆ ಬೇಡ.

ಡಾಕ್ಟರ ಹತ್ತಿರ ಹೋದಾಗ ಥೈರಾಯ್ಡ್, ಸಕ್ಕರೆ, ರಕ್ತದ ಕಬ್ಬಿಣಾಂಶ ಪರೀಕ್ಷಿಸಲು ಕೇಳಿ. ರಾತ್ರಿ ಕಾಲು ಜುಮುಜುಮು ಎಂದು ಆಡಿಸಬೇಕು ಅನಿಸುತ್ತದಾ, ಗೊರಕೆ ಹೊಡೆಯುವಾಗ ಉಸಿರು ನಿಂತ ಹಾಗಾಗುತ್ತದಾ ಎಂದೂ ಹೇಳಿ. ಉಸಿರು ನಿಲ್ಲುವ ತೊಂದರೆ ಇದ್ದವರಿಗೆ ಮಂಪರು ಗುಳಿಗೆ ಅಪಾಯ. ಟ್ರಮಡಾಲ್‌ನಂಥ ನೋವಿನ ಗುಳಿಗೆ, ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ಮದ್ಯ, ಇವು ಯಾವುದೂ ಕ್ಲೋನಜೆಪಾಮ್ ಜೊತೆ ಸೇರಬಾರದು, ಉಸಿರಾಟವೇ ನಿಧಾನವಾಗಬಹುದು.

ಇನ್ನು ಆ ಹೆದರಿಕೆ. ಸುತ್ತ ಬೆಟ್ಟ, ತೋಟ, ಕೂಗಿದರೆ ಕೇಳುವಷ್ಟು ಹತ್ತಿರ ಮನೆ ಇಲ್ಲ. ರಾತ್ರಿ ಹಂದಿ ನುಗ್ಗಿದ ಸದ್ದಿಗೆ ಎದ್ದು ಕೂತರೆ ಎದೆ ಢವಢವ ಅನ್ನದೆ ಇರುತ್ತದಾ? ನಿಮ್ಮ ಆತಂಕದಲ್ಲಿ ಒಂದು ಪಾಲು ಮೆದುಳಿನದ್ದು, ಒಂದು ಪಾಲು ಒಂಟಿತನದ್ದು. ಎರಡನೆಯದಕ್ಕೆ ಗುಳಿಗೆ ಇಲ್ಲ. ರಾತ್ರಿ 10ಕ್ಕೆ ಮಗನೋ ಮಗಳೋ ದಿನಾ ಫೋನ್ ಮಾಡಲಿ, ಔಷಧಿ ತಗೊಂಡೆಯಾ ಎಂದು ಕೇಳಲು ಅಲ್ಲ, ಸುಮ್ನೆ ಮಾತಾಡಲು. ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್, ಯಾರ ಗಾಡಿ ಎಂದು ಈಗಲೇ ಗೊತ್ತುಮಾಡಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಸಂಜೆ 6ಕ್ಕೆ ಕಾಲು ಗಂಟೆ ಕೂತು ತಲೆಯಲ್ಲಿ ಇರುವ ಚಿಂತೆಯನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆಯಿರಿ, ಅಡಿಕೆಯ ಎಲೆಚುಕ್ಕೆ ರೋಗದಿಂದ ಹಿಡಿದು ಆಳಿನ ಬಾಕಿವರೆಗೆ. ಮಲಗುವಾಗ ಅದೇ ಚಿಂತೆ ಬಂದರೆ ನಾಳೆ 6ಕ್ಕೆ ಎಂದು ಮುಂದೂಡಬಹುದು. ಯಜಮಾನರ ದುಃಖದ ಬಗ್ಗೆ ಯಾರ ಹತ್ತಿರವಾದರೂ ಬಾಯಿಬಿಟ್ಟು ಮಾತಾಡಿದ್ದೀರಾ? ಇಲ್ಲದಿದ್ದರೆ ಅದನ್ನೂ ಮಾಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬದುಕೇ ಬೇಡ ಎಂಬ ಯೋಚನೆ ಬಂದರೆ ಆ ಹೊತ್ತಿಗೇ ಫೋನ್ ಮಾಡಿ, ಮನೆಯವರಿಗೂ ಹೇಳಿ. ಫಿಟ್ಸ್ ಬಂದರೆ, ಇಲ್ಲದ್ದು ಕಾಣಿಸಿದರೆ, ಮಾತು ಅಡ್ಡಾದಿಡ್ಡಿಯಾದರೆ ತಡಮಾಡದೆ ಆಸ್ಪತ್ರೆ.

ಕೊನೆಯದಾಗಿ, ಯಾರ ಹತ್ತಿರ ಹೋಗುವುದು? ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ನಿಗದಿತ ಮಂಗಳವಾರ ಬರುವ ವ್ಯವಸ್ಥೆ ಇದೆ, ಶಿರಸಿಯಲ್ಲಿ ಯಾವ ದಿನ ಎಂದು ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಇವೆ. ನಿಮಗೆ ಘಟ್ಟ ಇಳಿಯುವುದಕ್ಕಿಂತ ಧಾರವಾಡದ ದಾರಿ ಸುಲಭವಾಗಬಹುದು. ಹೋಗುವಾಗ ಎರಡೂ ಗುಳಿಗೆಯ ಸ್ಟ್ರಿಪ್ಪು, ಬಿಪಿ ಸಕ್ಕರೆಯ ಗುಳಿಗೆ ಇದ್ದರೆ ಅವೂ, ಹಳೆ ಚೀಟಿ, ಎಷ್ಟಕ್ಕೆ ಮಲಗಿದೆ ಎಷ್ಟಕ್ಕೆ ಎದ್ದೆ ಎಂದು ಎರಡು ವಾರ ಬರೆದಿಟ್ಟ ಹಾಳೆ, ಇಷ್ಟನ್ನು ಚೀಲಕ್ಕೆ ಹಾಕಿಕೊಳ್ಳಿ. ಬಚ್ಚಲಲ್ಲಿ ಬಿದ್ದದ್ದನ್ನು ಹೇಳಲು ಮರೆಯಬೇಡಿ. ಕೈಯಲ್ಲಿ ಇರುವ ಗುಳಿಗೆ ಮುಗಿಯಲು ಎಷ್ಟು ದಿನ ಇದೆ ಎಂದು ಇವತ್ತೇ ಎಣಿಸಿ, ಅದು ಮುಗಿಯುವ ವಾರಕ್ಕೆ ಮೊದಲೇ ಹೋಗಿಬನ್ನಿ.